ಅಂಧರಿಗೆ ‘ವಿಶೇಷ ಕಂಪ್ಯೂಟರ್’ ಬೇಕೇ? ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಕಣ್ಣು ಕಾಣದವರು ಕಂಪ್ಯೂಟರ್ ಬಳಸಬೇಕಾದರೆ ಅದಕ್ಕೆಂದೇ ತಯಾರಾದ ಯಂತ್ರ ಬೇಕು, ಅದರ ಬೆಲೆ ಲಕ್ಷ ದಾಟುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಇದು ನಿಜವೇ?

ತಿಕೋಟಾ ಕಡೆಯ ಒಂದು ರೈತ ಕುಟುಂಬವನ್ನು ಊಹಿಸಿಕೊಳ್ಳಿ. ಕಣ್ಣು ಕಾಣದ ಮಗಳು ಪಿಯುಸಿ ಮುಗಿಸಿ ವಿಜಯಪುರದಲ್ಲಿ ಪದವಿಗೆ ಸೇರಿದ್ದಾಳೆ. ಒಣದ್ರಾಕ್ಷಿ ಮಾರಿ ಬಂದ ಹಣದಲ್ಲಿ ಅವಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕು. ತಪ್ಪು ಯಂತ್ರ ತಂದರೆ ಮತ್ತೊಮ್ಮೆ ಹಣ ಕೂಡಿಸಲು ಮುಂದಿನ ಸುಗ್ಗಿಯವರೆಗೆ ಕಾಯಬೇಕು. ಅಷ್ಟರಲ್ಲಿ ಅವಳ ಎರಡು ಸೆಮಿಸ್ಟರ್ ಕಳೆದಿರುತ್ತದೆ. ಹಾಗಾಗಿ ಕೊಳ್ಳುವ ಮೊದಲೇ ಸರಿಯಾದ ಮಾಹಿತಿ ಬೇಕು.

ಮಾತಾಡುವುದು ಯಂತ್ರವಲ್ಲ, ತಂತ್ರಾಂಶ

ಅಂಧರು ಬಳಸುವುದು ಎಲ್ಲರೂ ಬಳಸುವ ಕಂಪ್ಯೂಟರನ್ನೇ. ಅದರಲ್ಲಿರುವ ‘ಸ್ಕ್ರೀನ್ ರೀಡರ್’ ಎಂಬ ತಂತ್ರಾಂಶ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುತ್ತದೆ. ಮೌಸ್ ಬೇಕಿಲ್ಲ, ಎಲ್ಲ ಕೆಲಸವೂ ಕೀಬೋರ್ಡ್‌ನಿಂದಲೇ ಆಗುತ್ತದೆ.

ಹಲವು ವರ್ಷಗಳಿಂದ ಹೆಸರಾದ ‘ಜಾಸ್’ ಎಂಬ ಸ್ಕ್ರೀನ್ ರೀಡರನ್ನು ಹಣ ಕೊಟ್ಟು ಕೊಳ್ಳಬೇಕು. ಆದರೆ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಪೂರ್ತಿ ಉಚಿತ. ಕರನ್ ಸ್ವತಃ ಅಂಧರು. ಎನ್‌ವಿಡಿಎ ಜೊತೆಗೇ ಬರುವ ‘ಇ-ಸ್ಪೀಕ್’ ಧ್ವನಿ ಕನ್ನಡವನ್ನೂ ಓದುತ್ತದೆ. ಮೊದಮೊದಲು ಆ ಧ್ವನಿ ಯಂತ್ರದಂತೆ ಕೇಳಿಸುತ್ತದೆ. ಕಿವಿ ಪಳಗಿದವರು ಅದನ್ನೇ ಬಹಳ ವೇಗವಾಗಿ ಓಡಿಸಿ ಕೇಳುತ್ತಾರೆ. ಇದಲ್ಲದೆ ವಿಂಡೋಸ್‌ನಲ್ಲೇ ‘ನರೇಟರ್’ ಎಂಬ ಸ್ಕ್ರೀನ್ ರೀಡರ್ ಇರುತ್ತದೆ.

ಅಂದರೆ ‘ವಿಶೇಷ ಯಂತ್ರ’ ಎಂಬ ಮಾತು ಸುಳ್ಳು. ಹಾಗೆಂದು ಸಿಕ್ಕ ಲ್ಯಾಪ್‌ಟಾಪ್ ಎಲ್ಲವೂ ಸರಿಹೋಗುವುದಿಲ್ಲ.

ಹಣ ಎಲ್ಲಿ ಹಾಕಬೇಕು?

ಕಂಪ್ಯೂಟರ್ ನಿಧಾನವಾದಾಗ ಕಣ್ಣಿದ್ದವರಿಗೆ ಪರದೆಯ ಮೇಲೆ ಚಕ್ರ ತಿರುಗುವುದು ಕಾಣುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಸಿಗುವುದು ಬರೀ ಮೌನ. ಕೀ ಒತ್ತಿದ್ದು ತಪ್ಪಾಯಿತೇ, ಯಂತ್ರ ಕೆಟ್ಟಿತೇ ಎಂದು ತಿಳಿಯುವುದಿಲ್ಲ. ಆದ್ದರಿಂದ ಅವರಿಗೆ ವೇಗ ಅತಿ ಮುಖ್ಯ.

• ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ, ರ‍್ಯಾಮ್ 8 ಜಿಬಿ ಇರಲಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕೆಂದು ಕಂಪನಿ ಹೇಳಿದರೂ ಬ್ರೌಸರ್, ವರ್ಡ್, ಸ್ಕ್ರೀನ್ ರೀಡರ್ ಒಟ್ಟಿಗೆ ಓಡುವಾಗ ಅದು ಎಳೆದಾಡುತ್ತದೆ.
• ಕೀಗಳು ಬೆರಳಿಗೆ ಬೇರೆಬೇರೆಯಾಗಿ ತಿಳಿಯಬೇಕು. ಎಫ್ ಮತ್ತು ಜೆ ಮೇಲಿನ ಉಬ್ಬುಗೆರೆ ಸವೆದಿರಬಾರದು. ಬಲಗಡೆ ಅಂಕಿಗಳ ಪ್ಯಾಡ್ ಇದ್ದರೆ ಎನ್‌ವಿಡಿಎಗೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ.
• ವೈರ್ ಇರುವ ಇಯರ್‌ಫೋನ್ ಹಾಕುವ ರಂಧ್ರ ಇರಲಿ. ಬ್ಲೂಟೂತ್‌ನಲ್ಲಿ ಧ್ವನಿ ತಡವಾಗಿ ಬರುತ್ತದೆ, ಕೆಲವೊಮ್ಮೆ ಪದದ ಮೊದಲ ಅಕ್ಷರವೇ ನುಂಗಿಹೋಗುತ್ತದೆ.

ದೊಡ್ಡ ಪರದೆ, ಟಚ್‌ಸ್ಕ್ರೀನ್, ಗೇಮಿಂಗ್‌ಗೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಇವುಗಳಿಗೆ ಕೊಡುವ ಹಣ ಪೂರ್ತಿ ಅಂಧರಿಗೆ ದಂಡ. ಸ್ವಲ್ಪ ದೃಷ್ಟಿ ಉಳಿದವರಿಗೆ ಮಾತ್ರ ದೊಡ್ಡ ಪರದೆಯಿಂದ ಉಪಯೋಗವಿದೆ.

ಸೆಕೆಂಡ್ ಹ್ಯಾಂಡ್ ತರಬಹುದೇ?

ತರಬಹುದು, ಆದರೆ ಒಂದು ಎಚ್ಚರಿಕೆ ಬೇಕು. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ವಿಂಡೋಸ್ 11 ಅಧಿಕೃತವಾಗಿ ಓಡುವ ಯಂತ್ರವನ್ನೇ ಆರಿಸಿ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು ಆಗಬೇಕು.

ಪರದೆಯ ಮೇಲೆ ಗೆರೆ ಬಿದ್ದ ಲ್ಯಾಪ್‌ಟಾಪ್ ಅಗ್ಗಕ್ಕೆ ಸಿಕ್ಕರೆ ಅಂಧರಿಗೆ ಅದು ನಷ್ಟವೇನಲ್ಲ. ಆದರೆ ಎಚ್‌ಡಿಎಂಐ ಕಿಂಡಿ ಕೆಲಸ ಮಾಡುತ್ತಿರಲಿ. ಸ್ಕ್ರೀನ್ ರೀಡರೇ ಕೈಕೊಟ್ಟ ದಿನ ಟಿವಿಗೆ ಜೋಡಿಸಿ ಮನೆಯವರು ನೋಡಿ ಹೇಳಬಹುದು.

ಹೊಸದರಲ್ಲೂ ಒಂದು ತೊಡಕಿದೆ. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳು ‘ಎಸ್ ಮೋಡ್’ನಲ್ಲಿ ಬರುತ್ತವೆ. ಮೈಕ್ರೋಸಾಫ್ಟ್ ಸ್ಟೋರ್‌ನ ಹೊರಗಿನ ತಂತ್ರಾಂಶ ಅದರಲ್ಲಿ ಕೂರುವುದಿಲ್ಲ. ಎಸ್ ಮೋಡ್‌ನಿಂದ ಉಚಿತವಾಗಿ ಹೊರಬರಬಹುದು. ಅಂಗಡಿಯಲ್ಲೇ ಆ ಕೆಲಸ ಮಾಡಿಸಿಕೊಳ್ಳಿ.

ಅಂಗಡಿಯಲ್ಲೇ ಪರೀಕ್ಷೆ

ಕೊಳ್ಳುವಾಗ ಬಳಸುವವರನ್ನೇ ಕರೆದುಕೊಂಡು ಹೋಗಿ. ತಿಕೋಟಾ, ಬಬಲೇಶ್ವರದಿಂದ ವಿಜಯಪುರಕ್ಕೆ ಒಂದು ಬಸ್ ಪ್ರಯಾಣ, ಅಷ್ಟೇ. ವಿಂಡೋಸ್ ಕೀ, ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ನರೇಟರ್ ಮಾತಾಡತೊಡಗುತ್ತದೆ. ಅಂಗಡಿಯವರು ಒಪ್ಪಿದರೆ ಪೆನ್‌ಡ್ರೈವ್‌ನಿಂದಲೇ ಎನ್‌ವಿಡಿಎ ಓಡಿಸಬಹುದು. ಕೀ ಒತ್ತಿದ ಕೂಡಲೇ ಧ್ವನಿ ಬರುತ್ತದೆಯೇ? ಕೀಗಳು ಕೈಗೆ ಒಗ್ಗುತ್ತವೆಯೇ? ಈ ತೀರ್ಪು ಅಪ್ಪನದೂ ಅಲ್ಲ, ಅಣ್ಣನದೂ ಅಲ್ಲ, ಆ ಹುಡುಗಿಯದೇ.

ಕನ್ನಡ ಯಾಕೆ ಓದುತ್ತಿಲ್ಲ?

ಒಳ್ಳೆಯ ಯಂತ್ರ ತಂದರೂ ಕೆಲವು ಕನ್ನಡ ಕಡತಗಳನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಓದುತ್ತದೆ. ಅದು ಯಂತ್ರದ ದೋಷವಲ್ಲ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಯೂನಿಕೋಡ್‌ನಲ್ಲಿದ್ದರೆ ಮಾತ್ರ ಅದು ಕನ್ನಡವಾಗಿ ಓದುತ್ತದೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ನೋಟ್ಸ್ ಕೊಡುವ ಶಿಕ್ಷಕರು ಯೂನಿಕೋಡ್ ಬಳಸಿದರೆ ಆ ತೊಂದರೆಯೂ ಇಲ್ಲ.

‘ಉಚಿತ ಲ್ಯಾಪ್‌ಟಾಪ್’ ಲಿಂಕ್ ಒತ್ತಬೇಡಿ

ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ‘ಟಾಕಿಂಗ್ ಲ್ಯಾಪ್‌ಟಾಪ್’ ಕೊಡುವ ಯೋಜನೆ ರಾಜ್ಯ ಸರ್ಕಾರದಲ್ಲಿ ನಿಜಕ್ಕೂ ಇದೆ. ಅದನ್ನು ನಡೆಸುವುದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವುದೋ ಲಿಂಕ್‌ಗೆ ಆಧಾರ್ ಮತ್ತು ಬ್ಯಾಂಕ್ ವಿವರ ತುಂಬಿದರೆ ಲ್ಯಾಪ್‌ಟಾಪ್ ಬರುವುದಿಲ್ಲ, ಖಾತೆಯ ಹಣ ಹೋಗಬಹುದು. ಯುಡಿಐಡಿ ಕಾರ್ಡ್ ಹಿಡಿದು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೋ ವಿಜಯಪುರದ ಜಿಲ್ಲಾ ಕಚೇರಿಯನ್ನೋ ಕೇಳಿ. ಸ್ವಂತ ಹಣ ಹಾಕುವ ಮೊದಲೇ ಕೇಳುವುದು ಒಳ್ಳೆಯದು.

ಈಗ ಕೈಯಲ್ಲಿ ಹಣವೇ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನ್‌ನ ‘ಟಾಕ್‌ಬ್ಯಾಕ್’ ಚಾಲೂ ಮಾಡಿ, ಒಂದು ಕೀಬೋರ್ಡ್ ಜೋಡಿಸಿ ಟೈಪಿಂಗ್ ಕಲಿಯಲು ಶುರು ಮಾಡಬಹುದು. ಆ ಕಲಿಕೆ ಮುಂದೆ ಲ್ಯಾಪ್‌ಟಾಪ್‌ಗೂ ಬರುತ್ತದೆ.

ಸಾರಾಂಶ: ಅಂಧರಿಗೆ ಲಕ್ಷದ ವಿಶೇಷ ಯಂತ್ರ ಬೇಕೆಂಬುದು ತಪ್ಪು ಕಲ್ಪನೆ. ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಒಳ್ಳೆಯ ಕೀಬೋರ್ಡ್ ಇರುವ ಸಾಧಾರಣ ಲ್ಯಾಪ್‌ಟಾಪ್ ಮತ್ತು ಉಚಿತ ಎನ್‌ವಿಡಿಎ ಸಾಕು. ಈ ಮಾಹಿತಿಯನ್ನು ಹಂಚುವುದಾದರೆ ಸ್ಕ್ರೀನ್‌ಶಾಟ್ ತೆಗೆದು ಕಳಿಸಬೇಡಿ, ಅಕ್ಷರವಾಗಿಯೇ ಕಳಿಸಿ. ಚಿತ್ರದೊಳಗಿನ ಬರಹವನ್ನು ಸ್ಕ್ರೀನ್ ರೀಡರ್ ನೇರವಾಗಿ ಓದಲಾರದು. ಇದು ಯಾರಿಗೆ ಬೇಕೋ ಅವರಿಗೇ ತಲುಪದೆ ಹೋದೀತು.