ಗುಮಾಸ್ತನ ಮೇಜಿನಿಂದ: ಮೂರನೆಯ ಕಾಲಂ

ಗುಮಾಸ್ತನಿಗೆ ರಿಜಿಸ್ಟರಿನ ಮೇಲಿರುವಷ್ಟು ಭಕ್ತಿ ದೇವರ ಮೇಲೂ ಇರುವುದಿಲ್ಲವೆಂದು ನಮ್ಮ ಮನೆಯಾಕೆಯ ದೂರು. ಅಂಥ ನಮ್ಮ ಕೈಯಿಂದಲೇ ಕಳೆದ ರಾಜ್ಯೋತ್ಸವದ ದಿನ ಒಂದು ತಪ್ಪು ನಡೆದುಹೋಯಿತು. ಅದನ್ನು ಒಪ್ಪಿಕೊಂಡು, ಅದರಿಂದ ಕಲಿತದ್ದನ್ನೂ ಹೇಳಿಬಿಡುತ್ತೇವೆ.

ಸಂಘದ ಸದಸ್ಯರ ಪಟ್ಟಿಯಲ್ಲಿ ನಾಲ್ಕು ಕಾಲಂಗಳಿದ್ದವು: ಹೆಸರು, ಮನೆ ನಂಬರು, ಊಟಕ್ಕೆ ಬರುವವರು, ಫೋನು. ನಮ್ಮ ಅಕ್ಕನ ಮಗ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದ. ಮೂರನೆಯ ಕಾಲಂ ನೋಡಿ ಅಷ್ಟು ಊಟದ ಚೀಟಿ ಅಚ್ಚುಹಾಕಬೇಕೆಂಬುದು ಅದಕ್ಕಿದ್ದ ಅಪ್ಪಣೆ. ಧಾರವಾಡದವರು ಯಾರು, ಉಡುಪಿಯವರು ಯಾರು ಎಂದು ತಿಳಿಯುವ ಆಸೆಯಿಂದ ನಾವು ಹೆಸರಿನ ಪಕ್ಕದಲ್ಲಿ "ಹುಟ್ಟೂರು" ಎಂಬ ಹೊಸ ಕಾಲಂ ಸೇರಿಸಿದೆವು. ಮೂರನೆಯ ಸ್ಥಾನಕ್ಕೆ ಮನೆ ನಂಬರು ಬಂದು ಕೂತಿತು. ಅದೂ ಅಂಕಿಯೇ ಆದ್ದರಿಂದ ಯಂತ್ರ ಚಕಾರವೆತ್ತಲಿಲ್ಲ.

27ನೆಯ ನಂಬರಿನ ದಂಪತಿಗಳಿಗೆ 27 ಚೀಟಿ! ಅವರು ನಕ್ಕು ಹಿಂದಕ್ಕೆ ಕೊಟ್ಟರು. ಅಚ್ಚಿನ ತಪ್ಪೆಂದು ನಾವೂ ನಕ್ಕೆವು. ಆದರೆ 1ನೆಯ ನಂಬರಿಗೆ ಹೊಸದಾಗಿ ಬಂದ ಕುಟುಂಬದಲ್ಲಿ ಐದು ಜನ. ಸಿಕ್ಕಿದ್ದು ಒಂದೇ ಚೀಟಿ. ಕೇಳಲು ಸಂಕೋಚಪಟ್ಟು, ಅಜ್ಜಿಯನ್ನು ಮಾತ್ರ ಪಂಕ್ತಿಗೆ ಕೂರಿಸಿ, ಉಳಿದ ನಾಲ್ವರು ಹೊರಗೆ ಕಾದಿದ್ದು ಹಾಗೆಯೇ ಮನೆಗೆ ಹೋದರಂತೆ. ಪರಸ್ಥಳದಲ್ಲಿ ಕನ್ನಡಿಗರ ಬಾಗಿಲಿಗೆ ಬಂದು ಉಣ್ಣದೆ ಹಿಂದಿರುಗಿದರೆಂದು ಕೇಳಿದಾಗ ನಮಗೆ ತುತ್ತು ಇಳಿಯಲಿಲ್ಲ.

ಹುಡುಗನನ್ನು ಕರೆದು ಕೇಳಿದೆವು. "ಮಾವ, ತಪ್ಪು ನನ್ನದೂ ಹೌದು. ಒಂದೊಂದು ಮನೆಯ ವಿವರವನ್ನು ಟ್ಯೂಪಲ್‌ನಲ್ಲಿ ಕಟ್ಟಿಟ್ಟಿದ್ದೆ. ಅದಕ್ಕೆ ಸರದಿ ಮಾತ್ರ ಗೊತ್ತು; ಎಷ್ಟನೆಯದೆಂದು ಎಣಿಸಿಯೇ ತೆಗೆಯಬೇಕು. ಡಿಕ್ಷನರಿಯಾದರೆ ಹೆಸರು ಹಿಡಿದು ಕೇಳಬಹುದಿತ್ತು" ಎಂದ. ಹಿಂದೆ ಡಿಕ್ಷನರಿಯಲ್ಲಿ ಸರದಿ ಉಳಿಯುವ ಭರವಸೆ ಇರಲಿಲ್ಲ. 2018ರಲ್ಲಿ ಬಂದ 3.7ನೆಯ ಆವೃತ್ತಿಯಿಂದ ಸೇರಿಸಿದ ಸರದಿಯೇ ಉಳಿಯುತ್ತದೆ. ಆದರೂ ಅದು ಸಡಿಲ ಚೀಲ. ಯಾವಾಗ ಬೇಕಾದರೂ ಹೊಸ ಹೆಸರು ತುರುಕಬಹುದು.

ಸರದಿಯೂ ಬೇಕು, ಹೆಸರೂ ಬೇಕು, ಕಟ್ಟುಪಾಡೂ ಬೇಕು ಎನ್ನುವವರಿಗಾಗಿ 2008ರಲ್ಲಿ, 2.6ನೆಯ ಆವೃತ್ತಿಯೊಡನೆ, "ನೇಮ್ಡ್ ಟ್ಯೂಪಲ್" ಬಂದಿತು. ಅದರ ವಿವರ ಕೇಳಿ ನಮಗೆ ಕಚೇರಿಯ ರಿಜಿಸ್ಟರನ್ನೇ ಕಂಡಂತಾಯಿತು. ಹೆಸರುಗಳನ್ನು ಪ್ರತಿ ಸಾಲಿನಲ್ಲೂ ಬರೆಯುವುದಿಲ್ಲ; ಪುಟದ ತಲೆಬರಹದಂತೆ ಒಮ್ಮೆ ಗೊತ್ತುಮಾಡಿದರೆ ಸಾಕು. ಆದ್ದರಿಂದ ಪ್ರತಿ ಸಾಲಿಗೂ ಸಾಧಾರಣ ಟ್ಯೂಪಲ್ಲಿಗಿಂತ ಹೆಚ್ಚು ಜಾಗ ಬೇಡ. ನಾಲ್ಕು ಹೆಸರು ಗೊತ್ತುಮಾಡಿ ಐದು ವಿವರ ಕೊಟ್ಟರೆ, ತಪ್ಪೆಂದು ಹೇಳಿ ನಿಂತುಬಿಡುತ್ತದೆ. ಬರೆದುದನ್ನು ಅಲ್ಲಿಯೇ ತಿದ್ದಲು ಬಿಡುವುದಿಲ್ಲ. ಬದಲಾಯಿಸಬೇಕಾದರೆ ಹೊಸ ಸಾಲನ್ನೇ ಮಾಡಿಕೊಳ್ಳಬೇಕು.

"ಆದರೆ ಮಾವ, ಎರಡು ಅಂಕಿಗಳನ್ನು ಅದಲುಬದಲಾಗಿ ತುಂಬಿದರೆ ಇದಕ್ಕೂ ತಿಳಿಯದು. ಅದಕ್ಕೇ ಪಟ್ಟಿಯ ತಲೆಬರಹವನ್ನು ಓದಿ, ಹೆಸರಿಗೆ ಹೆಸರು ಹೊಂದಿಸಿಯೇ ತುಂಬಬೇಕು" ಎಂದು ಹುಡುಗ ಎಚ್ಚರಿಸಿದ. ಹಾಗೆಯೇ ಮಾಡಿಯೂ ಕೊಟ್ಟ. ಈಗ ನಮ್ಮ ಪ್ರೋಗ್ರಾಂ "ಮೂರನೆಯದು" ಎನ್ನುವುದಿಲ್ಲ, "ಊಟಕ್ಕೆ ಬರುವವರು" ಎನ್ನುತ್ತದೆ.

ಮರು ಭಾನುವಾರ 1ನೆಯ ನಂಬರಿಗೆ ಹೋಗಿ ಕ್ಷಮೆ ಕೇಳಿದೆವು. ಅಜ್ಜಿ ನಮ್ಮನ್ನೇ ಊಟಕ್ಕೆ ಕೂರಿಸಿದರು. ಬಡಿಸುತ್ತಾ, "ನಿನ್ನ ಹೆಸರೇನಪ್ಪ?" ಎಂದರು. ಮನೆ ನಂಬರನ್ನು ಕೇಳಲೇ ಇಲ್ಲ.