ಲುಂಚಿತನು ಲುಚ್ಚನಾದ ಬಗೆ

ಬಳ್ಳಾರಿಯ ಬೀದಿಗಳಲ್ಲಿ, ಸಿರುಗುಪ್ಪ-ಕುರುಗೋಡುಗಳ ಬಸ್ ನಿಲ್ದಾಣಗಳಲ್ಲಿ ‘ಲುಚ್ಚ’ ಎಂಬ ಬೈಗುಳ ಧಾರಾಳವಾಗಿ ಕೇಳಿಬರುತ್ತದೆ. ಜೈನರ ಮನೆಗಳೂ ಇದಕ್ಕೆ ಹೊರತಲ್ಲ. ದಿಗಂಬರ ಮುನಿಗಳು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಸ್ವಹಸ್ತದಿಂದ ಕೇಶಲೋಚ ಮಾಡಿಕೊಳ್ಳುತ್ತಾರೆ. ಹಾಗೆ ಕೂದಲನ್ನು ಕಿತ್ತುಕೊಂಡ ವಿರಕ್ತನೇ ‘ಲುಂಚಿತ’. ಆ ಪದವೇ ಪರಿಹಾಸಕ್ಕೀಡಾಗಿ ‘ಲುಚ್ಚಾ’ ಆಯಿತೆಂದು ಹೇಳುವ ವಿದ್ವಾಂಸರುಂಟು. ದೇಹಮೋಹವನ್ನೇ ತೊರೆದವನ ಹೆಸರು ನೀತಿಗೆಟ್ಟವನ ಹೆಸರಾಯಿತು!

‘ಆಡುಮಾತಿನ ಅರ್ಥ ಆಡುವವನದು, ಮೂಲವನ್ನು ಯಾರು ನೆನೆಯುತ್ತಾರೆ?’ ಎಂಬ ಸಮಾಧಾನ ಸುಲಭ. ಅರ್ಥವನ್ನು ಕೆಡಿಸಿದವರು ಯಾರೆಂದೂ ಕೇಳಬೇಡವೇ? ಅಶೋಕನನ್ನು ಹೆಸರು ಹಿಡಿದು ಹೇಳುವ ಶಾಸನಗಳು ವಿರಳ; ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನದು ಅವುಗಳಲ್ಲೊಂದು. ಆ ದೊರೆಯ ‘ದೇವಾನಾಂಪ್ರಿಯ’ ಬಿರುದಿಗೆ ಮುಂದೆ ಸಂಸ್ಕೃತ ವೈಯಾಕರಣರು ‘ಮೂರ್ಖ’ ಎಂಬ ಅರ್ಥ ಬರೆದರು. ಎಲ್ಲ ಮತಪಂಥಗಳಿಗೂ ಅವನು ಗೌರವದಿಂದಲೇ ಬಳಸಿದ ‘ಪಾಷಂಡ’ ಪದ ಇಂದು ಬೈಗುಳ. ಆ ಪದವಿರುವ 12ನೆಯ ಶಿಲಾಶಾಸನವೇ ಪರಮತದ ವಿಷಯದಲ್ಲಿ ನಾಲಗೆಯನ್ನು ಕಾಯಬೇಕೆಂದು ಬೋಧಿಸುತ್ತದೆ. ವಾಗ್ಗುಪ್ತಿಯ ಉಪದೇಶ ಕೇಳಿ ಬೆಳೆದ ಶ್ರಾವಕರಿಗೆ ಇದು ಹೊಸತಲ್ಲ.

ಆಡುಮಾತೆಲ್ಲ ದೋಷವಲ್ಲ. ಗೆಳೆಯನನ್ನು ‘ಗುರು’ ಎಂದು ಕರೆಯುವ ಹುಡುಗನಲ್ಲಿ ಸಲಿಗೆಯಿದೆ, ಹಗೆಯಿಲ್ಲ. ಅವನನ್ನು ಗದರಿಸುವ ಹಿರಿಯರ ಶ್ರಮ ವ್ಯರ್ಥ. ಅದೇ ಹಿರಿಯರು ಸಿಟ್ಟಿನಲ್ಲಿ ಮಗನಿಗೆ ‘ಲುಚ್ಚ’ ಎಂದು ಬೈದು, ಮುನಿಗಳ ಕೇಶಲೋಚದ ಮುಂದೆ ಕೈಮುಗಿದು ನಿಲ್ಲುವುದು ಯಾವ ಭಾಷಾಸಮಿತಿ? ಬಸದಿಯ ಪಾಠಶಾಲೆಗಳಲ್ಲಿ ಸಮಿತಿ-ಗುಪ್ತಿಗಳನ್ನು ಬಾಯಿಪಾಠ ಮಾಡಿಸುವ ವಿಶ್ವಸ್ತ ಮಂಡಳಿಗಳು ಈ ಒಂದು ಪದದ ಕಥೆಯನ್ನೂ ಹೇಳಿಸಲಿ. ಮಕ್ಕಳಿಗಿಂತ ಮೊದಲು ಪಾಲಕರಿಗೆ.