ನಿರಾಶ್ರಿತರ ಹೊಸ ಮನೆ ಮತ್ತು ಅದರ ಬಾಗಿಲು: 'ಸುವರ್ಣರೇಖಾ' ನೆಪದಲ್ಲಿ ಕೆಲವು ಪ್ರಶ್ನೆಗಳು

ಕನ್ನಡದಲ್ಲಿ ಸ್ಥಳಾಂತರವನ್ನು ಕುರಿತ ಸಾಹಿತ್ಯಚರ್ಚೆಯು ಬಹುಮಟ್ಟಿಗೆ ಕಳೆದುಹೋದ ಊರಿನ ಚರ್ಚೆಯಾಗಿಯೇ ಉಳಿದಿದೆ. ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ'ಗಳನ್ನು ಓದುವಾಗ ನಾವು ಶರಾವತಿಯ ನೀರಿನಡಿ ಸೇರಿದ ಮನೆ, ಗದ್ದೆ, ತೋಟಗಳ ಲೆಕ್ಕ ಹಾಕುತ್ತೇವೆ. ಅದು ಅಗತ್ಯವೇ. ಆದರೆ ನೆಲೆ ತಪ್ಪಿದವರು ಮುಂದೆ ಕಟ್ಟಬಯಸುವ ಲೋಕ ಎಂತಹುದು, ಅದರಲ್ಲಿ ಯಾರಿಗೆ ಜಾಗವಿದೆ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಹಿಂದೆ ಸರಿಯುತ್ತದೆ. ಆ ಪ್ರಶ್ನೆಯನ್ನು ನಿಷ್ಠುರವಾಗಿ ಎದುರಿಸಿದ ಕಲಾವಿದರಲ್ಲಿ ಬಂಗಾಳದ ಋತ್ವಿಕ್ ಘಟಕ್ ಮುಖ್ಯರು. ಅವರನ್ನು ಚಲನಚಿತ್ರ ಅಧ್ಯಯನಕ್ಕೆ ಬಿಟ್ಟುಕೊಟ್ಟು ಸಾಹಿತ್ಯ ವಿಭಾಗಗಳು ಸುಮ್ಮನಿರುವುದು ಸರಿಯಲ್ಲ.

1925ರಲ್ಲಿ ಢಾಕಾದಲ್ಲಿ ಹುಟ್ಟಿದ ಘಟಕ್ ಅವರಿಗೆ 1947ರ ವಿಭಜನೆಯ ನಂತರ ಹುಟ್ಟಿದ ನೆಲವೇ ಪರದೇಶವಾಯಿತು. ಇದೇ ಕಾಲಘಟ್ಟದಲ್ಲಿ ಅವರು ಭಾರತೀಯ ಜನನಾಟ್ಯ ಸಂಘದಲ್ಲಿ ನಾಟಕಕಾರ, ನಟ, ನಿರ್ದೇಶಕರಾಗಿ ದುಡಿದರು. ಊರಿನ ನಷ್ಟ ಮತ್ತು ಸಮಾನತೆಯ ಕನಸು ಅವರಲ್ಲಿ ಒಟ್ಟಿಗೇ ಬಂದವು. 'ಮೇಘೇ ಢಾಕಾ ತಾರಾ' (1960), 'ಕೋಮಲ್ ಗಾಂಧಾರ್' (1961) ಮತ್ತು 1962ರಲ್ಲಿ ಮುಗಿದು 1965ರಲ್ಲಿ ಬಿಡುಗಡೆಯಾದ 'ಸುವರ್ಣರೇಖಾ' ಚಿತ್ರಗಳನ್ನು ವಿಭಜನೆಯ ಶೋಕಗೀತೆಗಳೆಂದು ಬಣ್ಣಿಸುವುದು ವಾಡಿಕೆ. ಈ ವಾಡಿಕೆಗೆ 'ಸುವರ್ಣರೇಖಾ' ಅಷ್ಟು ಸುಲಭವಾಗಿ ಒಗ್ಗುವುದಿಲ್ಲವೆಂದು ನನ್ನ ತಿಳಿವಳಿಕೆ.

ಚಿತ್ರವು ತೆರೆದುಕೊಳ್ಳುವುದು ಕಲ್ಕತ್ತೆಯ ಅಂಚಿನ ನಿರಾಶ್ರಿತರ ವಸಾಹತಿನಲ್ಲಿ. ಅದರ ಹೆಸರು ನವಜೀವನ ಕಾಲೊನಿ. ಹೊಸ ಜೀವನದ ಮೊದಲ ದಿನಗಳಲ್ಲಿಯೇ ಅಲ್ಲಿ ಯಾವ ಜಿಲ್ಲೆಯವರು ಯಾರೊಡನೆ ಇರಬೇಕೆಂಬ ತಕರಾರು ಹುಟ್ಟುತ್ತದೆ. ಬಾಗ್ದಿ ಜಾತಿಯ ಕೌಸಲ್ಯೆ ಮಗನೊಂದಿಗೆ ಆಶ್ರಯ ಬೇಡಿ ಬಂದಾಗ ಅವಳಿಗೆ ಜಾಗವಿಲ್ಲ. ಜಮೀನ್ದಾರನ ಆಳುಗಳು ಅವಳನ್ನು ಎಳೆದೊಯ್ಯುತ್ತಾರೆ. ಒಂಟಿಯಾದ ಹುಡುಗ ಅಭಿರಾಮನನ್ನು ಈಶ್ವರನೆಂಬಾತ ತನ್ನ ಪುಟ್ಟ ತಂಗಿ ಸೀತೆಯೊಂದಿಗೆ ಸಾಕುತ್ತಾನೆ. ಹಳೆಯ ಸಹಪಾಠಿಯೊಬ್ಬ ಸುವರ್ಣರೇಖಾ ನದಿಯ ದಡದ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದಾಗ ಈಶ್ವರ ಕಾಲೊನಿ ಬಿಡುತ್ತಾನೆ. ಜೊತೆಗಾರ ಹರಪ್ರಸಾದನ ಕಣ್ಣಿನಲ್ಲಿ ಅದು ಪಲಾಯನ. ಮುಂದೆ ಸೀತೆ ಮತ್ತು ಅಭಿರಾಮ ಪರಸ್ಪರ ಒಲಿಯುತ್ತಾರೆ. ಆಗಲೇ ರೈಲುನಿಲ್ದಾಣದಲ್ಲಿ ಸಾಯುತ್ತಿರುವ ಹೆಂಗಸೊಬ್ಬಳನ್ನು ಅಭಿರಾಮ ತನ್ನ ತಾಯಿಯೆಂದು ಗುರುತಿಸುತ್ತಾನೆ. ಅವನ ಜಾತಿ ಬಯಲಾದೊಡನೆ ಸಾಕಿದ ಈಶ್ವರನೇ ಮದುವೆಗೆ ಅಡ್ಡ ನಿಲ್ಲುತ್ತಾನೆ.

ಇಲ್ಲಿ ದುರಂತದ ಮೂಲ ಯಾವುದು? ಗಡಿರೇಖೆಯೊಂದೇ ಎನ್ನಲಾಗದು. ಪೂರ್ವ ಬಂಗಾಳದ ಹಳ್ಳಿಯಿಂದ ಜನ ಪಾತ್ರೆಪಗಡಗಳೊಂದಿಗೆ ಜಾತಿಯನ್ನೂ ಹೊತ್ತು ತಂದಿದ್ದಾರೆ. ಪಾತ್ರೆಗಳು ದಾರಿಯಲ್ಲಿ ಕಳೆದಿರಬಹುದು, ಜಾತಿ ಕಳೆದಿಲ್ಲ. ಹೊಸ ಮನೆಯ ಕನಸನ್ನು ಘಟಕ್ ಬಿಟ್ಟುಕೊಡುವುದಿಲ್ಲ. ಚಿತ್ರದ ಕೊನೆಯಲ್ಲಿ ಸೀತೆಯ ಮಗು ಈಶ್ವರನ ಕೈ ಹಿಡಿದು ಅದನ್ನೇ ಕೇಳುತ್ತ ನಡೆಯುತ್ತದೆ. ಆದರೆ ಅದೇ ಕನಸಿನ ಬಾಗಿಲಲ್ಲಿ ಯಾರನ್ನು ತಡೆಯಲಾಯಿತೆಂಬುದನ್ನು ನಾವು ಮೊದಲೇ ಕಂಡಿರುತ್ತೇವೆ.

ಪ್ರಾಸಂಗಿಕವಾಗಿ ಒಂದು ಮಾತು. ಪಾಳುಬಿದ್ದ ವಿಮಾನಪಟ್ಟಿಯಲ್ಲಿ ಬಾಲೆ ಸೀತೆ ಕಾಳಿಯ ವೇಷದ ಬಹುರೂಪಿಗೆ ಎದುರಾಗಿ ಬೆಚ್ಚುವ ದೃಶ್ಯವನ್ನು ವಿಮರ್ಶಕರು ಮಾತೃದೇವತೆಯ ಸಂಕೇತವಾಗಿಯೇ ವಿವರಿಸಿದ್ದಾರೆ. ನಮ್ಮ ಹಗಲುವೇಷಗಾರರನ್ನು ಬಲ್ಲವರಿಗೆ ಅವನು ಮೊದಲು ಹೊಟ್ಟೆಪಾಡಿಗೆ ಊರೂರು ಅಲೆಯುವ ಕಲಾವಿದನಾಗಿ ಕಾಣಬೇಕು. ಅಲೆಮಾರಿಯ ನೆಲೆಯಿಲ್ಲದಿರುವಿಕೆಯನ್ನು ಯಾವ ವಿಭಜನೆಯ ಕಥನವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಘಟಕ್ ಅವರ ಮಿತಿಯೂ ಇಲ್ಲಿಯೇ ಇದೆ. ಕೌಸಲ್ಯೆ ಆರಂಭದಲ್ಲಿ ಕಾಣೆಯಾಗಿ, ಸಾಯುವುದಕ್ಕೆ ಮಾತ್ರ ಮರಳಿ ಬರುತ್ತಾಳೆ. ನಡುವಿನ ವರ್ಷಗಳ ಅವಳ ಬದುಕು ಚಿತ್ರಕ್ಕೆ ಬೇಡವಾಗಿದೆ. ಆ ಖಾಲಿ ಜಾಗವನ್ನು ತುಂಬಿದ್ದು ಬಹುಕಾಲದ ನಂತರ ಬಂದ ದಲಿತ ಆತ್ಮಕಥನ. ನಾಮಶೂದ್ರ ಕುಟುಂಬದಲ್ಲಿ ಹುಟ್ಟಿ, ನಿರಾಶ್ರಿತರ ಶಿಬಿರದಲ್ಲಿ ಬೆಳೆದು, ಜೈಲಿನಲ್ಲಿ ಅಕ್ಷರ ಕಲಿತು, ರಿಕ್ಷಾ ಎಳೆದ ಮನೋರಂಜನ್ ಬ್ಯಾಪಾರಿ ಅವರ 'ಇತಿಬೃತ್ತೇ ಚಂಡಾಲ್ ಜೀಬನ್' ಕೃತಿಯನ್ನು 'ಸುವರ್ಣರೇಖಾ'ದ ಪಕ್ಕದಲ್ಲಿಟ್ಟು ಓದಿದರೆ, ಭದ್ರಲೋಕದ ವಿರಹವೂ ಶಿಬಿರವಾಸಿಯ ಹಸಿವೂ ಒಂದೇ 'ವಲಸೆ' ಎಂಬ ಪದದಡಿ ಸೇರಲಾರವೆಂಬುದು ತಿಳಿಯುತ್ತದೆ.

ಇದು ನಮಗೆ ದೂರದ ಸಂಗತಿಯಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ 1970ರ ದಶಕದ ಆರಂಭದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ ಪುನರ್ವಸತಿ ಕಲ್ಪಿಸಲಾಯಿತು. ಜನರ ಬಾಯಲ್ಲಿ ಅವು ಇಂದಿಗೂ ಆರ್.ಎಚ್. ಕ್ಯಾಂಪುಗಳು. ಅಲ್ಲಿನವರಲ್ಲಿ ಹೆಚ್ಚಿನವರು ನಾಮಶೂದ್ರರು. ಪರಿಶಿಷ್ಟ ಜಾತಿಯ ಮಾನ್ಯತೆಗಾಗಿ ಬಹುಕಾಲದಿಂದ ಒತ್ತಾಯಿಸುತ್ತ ಬಂದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಹರಿಚಾಂದ್ ಠಾಕೂರರಿಂದ ನಾಮಶೂದ್ರರ ನಡುವೆ ಮೊದಲಾದ ಮತುವಾ ಪಂಥಕ್ಕೆ ಹಾಡಿನ ದೊಡ್ಡ ಪರಂಪರೆಯಿದೆ, ಘನತೆಯ ಬದುಕಿನ ಸ್ಪಷ್ಟ ಕಲ್ಪನೆಯೂ ಇದೆ. ತುಂಗಭದ್ರೆಯ ನೀರಾವರಿಯ ನೆಲದಲ್ಲಿ ಆ ಕಲ್ಪನೆ ಏನಾಯಿತು, ಕನ್ನಡ ಅದರೊಳಗೆ ಹೇಗೆ ಸೇರಿತು ಎಂಬುದು ಕನ್ನಡ ವಿಭಾಗವೇ ಕೈಗೆತ್ತಿಕೊಳ್ಳಬೇಕಾದ ಸಂಶೋಧನೆ. ಭಾಷೆ ಬಂಗಾಳಿಯಾದ್ದರಿಂದ ನಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂಬ ಸಬೂಬು ನಿಲ್ಲದು. ಕನ್ನಡ ಶಾಲೆಯಲ್ಲಿ ಓದಿ ಎರಡೂ ಭಾಷೆ ಬಲ್ಲ ತಲೆಮಾರು ಅಲ್ಲಿದೆ. ವಯಸ್ಕರಾಗಿ ಗಡಿ ದಾಟಿದವರಾದರೋ ಈಗ ಎಪ್ಪತ್ತು ದಾಟಿದ್ದಾರೆ. ಧ್ವನಿಮುದ್ರಣವನ್ನು ಅವರಿಂದಲೇ ಆರಂಭಿಸಬೇಕು.